ಹೊಸ ಕಾರಿನ ಮೊದಲ ಆಯಿಲ್‌ನಲ್ಲಿ ಕಂಡ ಮಿಂಚು

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮೇ ತಿಂಗಳ ಕೊನೆಯಲ್ಲಿ ಹೊಸ ಕಾರು ಕೊಂಡೆವು, 1.2 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ. ಮಕ್ಕಳ ಶಾಲೆ, ಪೇಟೆ, ಸೊಸೈಟಿ ಎಂದು ನಾಲ್ಕೈದು ಕಿಲೋಮೀಟರಿನ ಓಡಾಟವೇ ಹೆಚ್ಚು. ಕಂಪನಿಯ ಕೈಪಿಡಿಯಲ್ಲಿ ಮೊದಲ ಆಯಿಲ್ ಬದಲಾವಣೆ 10,000 ಕಿ.ಮೀ.ಗೆ ಅಥವಾ ಒಂದು ವರ್ಷಕ್ಕೆ ಎಂದಿದೆ. ಆದರೆ ಜೀಪು, ಟಿಲ್ಲರ್ ಸಾಕಿದ ಅನುಭವವಿರುವ ನಮ್ಮ ಮಾವನವರು ‘ಹೊಸ ಎಂಜಿನ್ನಿನ ಮೊದಲ ಎಣ್ಣೆಯನ್ನು ಸಾವಿರಕ್ಕೇ ಇಳಿಸಬೇಕು’ ಎಂದು ಹಟ ಹಿಡಿದಿದ್ದರಿಂದ, ಆಗಸ್ಟ್‌ನಲ್ಲಿ 1,240 ಕಿ.ಮೀ. ಆಗಿದ್ದಾಗ ಊರಿನ ಗ್ಯಾರೇಜಿನಲ್ಲಿ ಬದಲಾಯಿಸಿದೆವು. ಇಳಿದ ಆಯಿಲನ್ನು ಬಿಸಿಲಿಗೆ ಹಿಡಿದರೆ ಬೆಳ್ಳಿಯ ಪುಡಿಯಂತೆ ಮಿಂಚುತ್ತಿತ್ತು. ತಟ್ಟೆಯ ತಳದಲ್ಲಿ ಮೂರು ಸಣ್ಣ ಲೋಹದ ಚೂರುಗಳು ಸಿಕ್ಕವು. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ನೊರೆ ಇತ್ತು. ಇಳಿಸುವ ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿ ಎತ್ತಿ ನೋಡಿದಾಗ ಮಟ್ಟ ಮೇಲಿನ ಗುರುತನ್ನು ದಾಟಿತ್ತು. ಮೆಕ್ಯಾನಿಕ್ ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಬೇರಿಂಗೂ ಸವೆಯುತ್ತಿದೆ’ ಎಂದರು. ಘಟ್ಟದ ಓಡಾಟಕ್ಕೆ ದಪ್ಪ ಆಯಿಲೇ ಒಳ್ಳೆಯದೆಂದು 15ಡಬ್ಲ್ಯೂ-40 ಹಾಕಿದರು. ಫಿಲ್ಟರ್ ಹೊಸದೇ ಇದೆಯೆಂದು ಅದನ್ನು ಬದಲಿಸಲಿಲ್ಲ. ಶೋರೂಮಿಗೆ ಫೋನ್ ಮಾಡಿದರೆ ‘ಹೊಸ ಗಾಡಿಯಲ್ಲಿ ಇದೆಲ್ಲ ಸಾಮಾನ್ಯ, ಆದರೆ ಹೊರಗೆ ಬಿಚ್ಚಿಸಿದ್ದರಿಂದ ವಾರಂಟಿ ಹೋಯಿತು’ ಎಂದರು. ಆಮೇಲೆ 300 ಕಿ.ಮೀ. ಓಡಿದೆ, ಶಬ್ದವಿಲ್ಲ, ಎಚ್ಚರಿಕೆಯ ದೀಪ ಹತ್ತಿಲ್ಲ. ಎಂಜಿನ್ ಕೆಟ್ಟಿದೆಯೇ? ಬೇಗ ಬದಲಿಸಿದ್ದೇ ತಪ್ಪಾಯಿತೇ? ಮಾರಿಬಿಡುವುದು ಒಳ್ಳೆಯದೇ? ಮುಂದಿನ ತಿಂಗಳು ಹುಲಿಕಲ್ ಘಾಟಿ ಇಳಿದು ಕುಂದಾಪುರದ ತಂಗಿಯ ಮನೆಗೆ ಹೋಗುವುದಿದೆ, ಹೋಗಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮೊದಲ ಓದಿನಲ್ಲಿ ನಿಮ್ಮನ್ನು ಹೆದರಿಸಿದ ಮಿಂಚು, ಚೂರು, ನೊರೆಗಳ ಕಡೆಗೇ ಗಮನ ಹೋಯಿತು. ಎರಡನೆಯ ಓದಿನಲ್ಲಿ, ನೀವು ಮಾತಿನ ನಡುವೆ ಹೇಳಿ ಮುಂದೆ ಸಾಗಿದ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು: ದಪ್ಪ ಆಯಿಲ್ ಹಾಕಿಸಿದ್ದು ಮತ್ತು ಹಳೆಯ ಫಿಲ್ಟರನ್ನೇ ಉಳಿಸಿಕೊಂಡದ್ದು. ನಿಮ್ಮ ಪ್ರಕರಣದಲ್ಲಿ ಖಚಿತವಾಗಿ ತಪ್ಪೆಂದು ನಾನು ಹೇಳಬಹುದಾದದ್ದು ಸದ್ಯಕ್ಕೆ ಆ ಎರಡೇ. ಮೊದಲನೆಯದನ್ನು ಈ ವಾರವೇ ಸರಿಪಡಿಸಬೇಕು. ಎರಡನೆಯದು ತಪ್ಪೇ ಆದರೂ ಅದೃಷ್ಟವಶಾತ್ ನಿಮಗೆ ಉಪಕಾರವನ್ನೇ ಮಾಡಿದೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ನಿಮ್ಮ ಆತಂಕವನ್ನು ಅರ್ಥಮಾಡಿಕೊಳ್ಳಬಲ್ಲೆ. ವರ್ಷದ ಫಸಲಿನ ಹಣ ಹಾಕಿ ಕೊಂಡ ವಾಹನದ ಹೊಟ್ಟೆಯಿಂದ ಮೂರೇ ತಿಂಗಳಲ್ಲಿ ಲೋಹ ಹೊರಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ನೀವು ಕಂಡದ್ದು ಒಂದೇ ರೋಗದ ನಾಲ್ಕು ಲಕ್ಷಣಗಳೆಂದು ಮೆಕ್ಯಾನಿಕ್ ಭಾವಿಸಿದಂತಿದೆ. ನನ್ನ ಲೆಕ್ಕದಲ್ಲಿ ಅವು ಬೇರೆ ಬೇರೆ ಕಾರಣಗಳಿಂದ ಹುಟ್ಟಿ ಒಂದೇ ತಟ್ಟೆಯಲ್ಲಿ ಸೇರಿಕೊಂಡಂಥವು. ಆದ್ದರಿಂದ ಬಿಡಿಸಿ ನೋಡೋಣ.

ಮೊದಲು ಮಿಂಚಿನ ವಿಷಯ. ಎಂಜಿನ್ನಿನ ಸಿಲಿಂಡರಿನ ಒಳಮೈಯನ್ನು ಕಾರ್ಖಾನೆಯಲ್ಲಿ ಕನ್ನಡಿಯಂತೆ ನಯ ಮಾಡಿರುವುದಿಲ್ಲ. ಚಾಪೆಯ ಹೆಣಿಗೆಯಂತೆ ಒಂದನ್ನೊಂದು ಅಡ್ಡ ಹಾಯುವ ಅತಿ ಸಣ್ಣ ಗೆರೆಗಳನ್ನು ಬೇಕೆಂದೇ ಉಳಿಸಿರುತ್ತಾರೆ. ಗೆರೆಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಗೆರೆಗಳ ದಿಬ್ಬವನ್ನು ಪಿಸ್ಟನ್ನಿನ ರಿಂಗ್‌ಗಳು ಮೊದಲ ಒಂದೆರಡು ಸಾವಿರ ಕಿಲೋಮೀಟರಿನಲ್ಲಿ ಉಜ್ಜಿ ತಮಗೆ ಬೇಕಾದ ಹದಕ್ಕೆ ತಂದುಕೊಳ್ಳುತ್ತವೆ. ವಾಲ್ವ್ ತೆರೆಯುವ ಕ್ಯಾಮ್, ಅದನ್ನು ತಿರುಗಿಸುವ ಚೈನು, ಗೇರಿನ ಹಲ್ಲು, ಬೇರಿಂಗುಗಳಲ್ಲೂ ಇದೇ ರೀತಿಯ ಹೊಂದಾಣಿಕೆ ನಡೆಯುತ್ತದೆ. ಹಾಗೆ ಉಜ್ಜಿ ಬಂದ ಪುಡಿ ಎಲ್ಲಿಗೂ ಮಾಯವಾಗುವುದಿಲ್ಲ, ಆಯಿಲ್‌ನಲ್ಲೇ ತೇಲುತ್ತಿರುತ್ತದೆ. ಕಾಗದದ ಫಿಲ್ಟರ್ ಸಾಮಾನ್ಯವಾಗಿ 20ರಿಂದ 40 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ; ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಅಂದಾಜು ಸಿಗಬಹುದು. ಅದಕ್ಕಿಂತ ನವಿರಾದ ಪುಡಿ ಫಿಲ್ಟರನ್ನು ದಾಟಿ ಸುತ್ತುತ್ತಲೇ ಇರುತ್ತದೆ. ಇವು ಒಂದೊಂದಾಗಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಸಾವಿರಾರು ಕಣಗಳು ಒಟ್ಟಾಗಿ ಬಿಸಿಲಿಗೆ ಹೊಳೆಯುತ್ತವೆ. ಹೀಗಾಗಿ 1,240 ಕಿ.ಮೀ.ಗೆ ಇಳಿಸಿದ ಆಯಿಲ್‌ನಲ್ಲಿ ಮಿಂಚು ಕಾಣುವುದು ನಿರೀಕ್ಷಿತ ಸಂಗತಿ. ಬೆರಳ ತುದಿಯಲ್ಲಿ ತಿಕ್ಕಿದಾಗ ಏನೂ ಚುಚ್ಚದೆ ಬರೀ ಜಾರಿದಂತಾಗಿದ್ದರೆ ಆ ಮಿಂಚಿಗಾಗಿ ನಿದ್ದೆಗೆಡಬೇಕಾಗಿಲ್ಲ. ಈ ವಿಷಯದಲ್ಲಿ ಶೋರೂಮಿನವರ ಮಾತು ಸರಿ.

ಚೂರುಗಳ ವಿಷಯ ಅಷ್ಟು ಸುಲಭದ್ದಲ್ಲ. ಉಗುರಿಗೆ ಸಿಗುವಷ್ಟು ದೊಡ್ಡ ಲೋಹದ ಚೂರನ್ನು ‘ಸಾಮಾನ್ಯ’ ಎಂದು ನೋಡದೆಯೇ ಫೋನಿನಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಹಾಗೆಯೇ ನೋಡಿದ ತಕ್ಷಣ ‘ಬೇರಿಂಗ್’ ಎಂದು ತೀರ್ಪು ಕೊಡುವುದೂ ಒಪ್ಪುವಂಥದ್ದಲ್ಲ. ಚೂರಿನ ಆಕಾರವೇ ಅರ್ಧ ಕಥೆಯನ್ನು ಹೇಳುತ್ತದೆ. ಸುರುಳಿ ಸುತ್ತಿಕೊಂಡು ಅಂಚು ಚೂಪಾಗಿದ್ದರೆ ಅದು ಕಾರ್ಖಾನೆಯಲ್ಲಿ ಡ್ರಿಲ್ ಅಥವಾ ಲೇಥ್ ಮಾಡುವಾಗ ಉಳಿದ ಕೊರೆತದ ಚೂರು. ಕೂದಲಿನಂತೆ ಉದ್ದವಾಗಿ ತೆಳ್ಳಗಿದ್ದರೆ ಬೋಲ್ಟಿನ ಎಳೆಗಳಿಂದ ಕಿತ್ತು ಬಂದದ್ದಿರಬಹುದು. ಮೀನಿನ ಹುರುಪೆಯಂತೆ ಚಪ್ಪಟೆಯಾಗಿ ಒಂದು ಮೈ ಮಾತ್ರ ಹೊಳೆಯುತ್ತಿದ್ದರೆ ಉಜ್ಜಾಡುವ ಯಾವುದೋ ಮೇಲ್ಮೈ ಕಳಚುತ್ತಿದೆ ಎಂದರ್ಥ. ನಾನು ಹೆದರುವುದು ಈ ಮೂರನೆಯದಕ್ಕೆ. ಆಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ ಅಥವಾ ಉಕ್ಕು, ಎಂದರೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್, ಕ್ಯಾಮ್, ಚೈನು, ರಿಂಗ್ ಮುಂತಾದ ಭಾಗ. ಅಂಟದೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ: ಪಿಸ್ಟನ್ ಇರಬಹುದು, ಎಂಜಿನ್ನಿನ ಮೈ ಇರಬಹುದು, ಕೆಲವು ಬಗೆಯ ಬೇರಿಂಗೂ ಇರಬಹುದು. ತಾಮ್ರದ ಬಣ್ಣವಿದ್ದರೆ ಬೇರಿಂಗ್ ಅಥವಾ ಬುಷ್ ಕಡೆಗೆ ಬೆರಳು ತೋರಿಸುತ್ತದೆ.

ಇನ್ನೊಂದು ಮಾತಿದೆ, ಅದನ್ನು ಹೇಳದಿದ್ದರೆ ನಿಮ್ಮ ಕಾರಿಗೆ ಅನ್ಯಾಯವಾದೀತು. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಕೆಳಗಿನ ಡ್ರೈನ್ ಬೋಲ್ಟನ್ನು ತಿರುಗಿಸಿ ತೆಗೆಯುವಾಗ ಅದರ ಎಳೆಗಳಿಂದಲೇ ಒಂದೆರಡು ಅಲ್ಯೂಮಿನಿಯಂ ಚೂರುಗಳು ಉದುರುವುದುಂಟು. ಅದಕ್ಕಿಂತ ದೊಡ್ಡ ಅನುಮಾನ ತಟ್ಟೆಯ ಮೇಲೆಯೇ. ಹಿಂದಿನ ದಿನ ಅದೇ ತಟ್ಟೆಗೆ ಯಾವ ಟಿಲ್ಲರಿನ, ಯಾವ ಪಿಕಪ್ ಗಾಡಿಯ ಆಯಿಲ್ ಇಳಿದಿತ್ತೋ ಯಾರು ಬಲ್ಲರು? ತೊಳೆಯದ ತಟ್ಟೆಯ ತಳದಲ್ಲಿ ಸಿಕ್ಕ ಚೂರು ನಿಮ್ಮ ಎಂಜಿನ್ನಿನದೇ ಎಂದು ನಾನೂ ಹೇಳಲಾರೆ, ಕಂಪನಿಯವರಂತೂ ಒಪ್ಪಲಾರರು.

ಹಾಗಾದರೆ ದೊಡ್ಡ ಕಾರ್ಖಾನೆಗಳಿಂದ ಇಂಥ ತಪ್ಪು ಆಗುವುದೇ ಇಲ್ಲವೇ? ಆಗುತ್ತದೆ. ಶಿವಮೊಗ್ಗದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿದರೆ, ಎರಕ ಹೊಯ್ದು ಕೊರೆದ ವಸ್ತುವಿನ ಒಳದಾರಿಗಳಿಂದ ಮರಳನ್ನೂ ಕೊರೆತದ ಚೂರನ್ನೂ ಪೂರ್ತಿ ತೊಳೆದು ತೆಗೆಯುವುದು ಎಂಥ ಕೆಲಸವೆಂದು ಹೇಳುತ್ತಾರೆ. ಅಮೆರಿಕದಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಹ್ಯುಂಡೈ ಕಂಪನಿ 2011 ಮತ್ತು 2012ರ ಮಾದರಿಯ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ಹಿಂದಕ್ಕೆ ಕರೆಸಿತು. ಕ್ರ್ಯಾಂಕ್‌ಶಾಫ್ಟ್ ತಯಾರಿಸುವಾಗ ಉಳಿದ ಲೋಹದ ಚೂರುಗಳು ಬೇರಿಂಗಿಗೆ ಹೋಗುವ ಆಯಿಲನ್ನು ತಡೆಯಬಹುದು ಎಂಬುದೇ ಕಾರಣ. 2024ರ ಮೇ ತಿಂಗಳಲ್ಲಿ ಟೊಯೋಟಾ ಕೂಡ ಅಲ್ಲಿ ಟಂಡ್ರಾ ಪಿಕಪ್ ಮತ್ತು ಲೆಕ್ಸಸ್ ಎಲ್‌ಎಕ್ಸ್ ವಾಹನಗಳು ಸೇರಿ ಸುಮಾರು ಒಂದು ಲಕ್ಷವನ್ನು ಇದೇ ಬಗೆಯ ಕಾರಣಕ್ಕೆ ಕರೆಸಬೇಕಾಯಿತು. ನಿಮ್ಮ ಕಾರಿನಲ್ಲೂ ಹಾಗಾಗಿದೆ ಎಂದು ಇದರ ಅರ್ಥವಲ್ಲ. ನಿಮ್ಮದು ಬೇರೆ ದೇಶದ, ಬೇರೆ ಎಂಜಿನ್ನು. ಆದರೆ ‘ಕಂಪನಿಯಿಂದ ಇಂಥ ತಪ್ಪು ಸಾಧ್ಯವೇ ಇಲ್ಲ’ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಡಿ.

ಈಗ ನೊರೆಗೆ ಬರೋಣ. ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ಮೇಲ್ಭಾಗಕ್ಕೂ ಬ್ಲಾಕಿಗೂ ನಡುವೆ ಇರುವ ತೆಳು ಪದರ; ಅದು ಹೋದರೆ ಎಂಜಿನ್ ತಣಿಸುವ ನೀರು, ಎಂದರೆ ಕೂಲಂಟ್, ಆಯಿಲ್‌ಗೆ ಸೇರಬಹುದು. ಮೆಕ್ಯಾನಿಕ್ ಹಾಗೆ ಎಂದದ್ದು ಈ ಬೆಣ್ಣೆಯಂಥ ನೊರೆಯನ್ನು ನೋಡಿಯೇ. ಬಯಲುಸೀಮೆಯ ಬೇಸಿಗೆಯಲ್ಲಿ, ದಿನಕ್ಕೆ ನೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಅದು ಕಂಡಿದ್ದರೆ ನಾನೂ ಅವರ ಜೊತೆ ಹೌದೆನ್ನುತ್ತಿದ್ದೆ. ಆದರೆ ನಿಮ್ಮ ಕಾರು ಹುಟ್ಟಿದಂದಿನಿಂದ ಕಂಡದ್ದು ಮಲೆನಾಡಿನ ಮಳೆಗಾಲವನ್ನು ಮಾತ್ರ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ. ಅದರ ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ, ಇನ್ನೂ ಹೊಂದಿಕೊಳ್ಳದ ಹೊಸ ರಿಂಗ್‌ಗಳ ಸಂದಿನಿಂದ ಒಂದಿಷ್ಟು ಆವಿ ಕೆಳಗಿನ ಚೇಂಬರಿಗೆ ನುಸುಳುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಮತ್ತೆ ಆವಿಯಾಗಿ ಹೊರಹೋಗುವ ವ್ಯವಸ್ಥೆಯಿದೆ. ಆದರೆ ಆಯಿಲ್ ಬಿಸಿಯಾಗಲು ಕೂಲಂಟಿಗಿಂತ ಹೆಚ್ಚು ಹೊತ್ತು ಬೇಕು. ಉಷ್ಣತೆಯ ಮುಳ್ಳು ಮೇಲೇರಿದ ಮಾತ್ರಕ್ಕೆ ಆಯಿಲೂ ಕಾದಿದೆ ಎಂದಲ್ಲ. ನಾಲ್ಕೈದು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಸಂಜೆ ಮತ್ತೆ ಅಷ್ಟೇ ಓಡಿಸುವ ಗಾಡಿಯಲ್ಲಿ ಆ ನೀರು ತಣ್ಣಗಿರುವ ಮುಚ್ಚಳದ ಒಳಮೈಗೆ ಹನಿಯಾಗಿ ಅಂಟಿ, ಆಯಿಲ್ ಜೊತೆ ಕಡೆದು ಬೆಣ್ಣೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಬಿದನೂರು ನಗರ, ಕೊಪ್ಪದ ಕಡೆಯಿಂದ ಬರುವ ಕಾರುಗಳಲ್ಲಿ ಇದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಮುಚ್ಚಳ ಒಣಗಿದ್ದರೆ ‘ಎಲ್ಲಿಗೋ ದೂರ ಹೋಗಿ ಬಂದಿರಾ?’ ಎಂದು ಕೇಳುವ ರೂಢಿಯಾಗಿಬಿಟ್ಟಿದೆ.

ಗ್ಯಾಸ್ಕೆಟ್ ಹೋಗಿದ್ದರೆ ಚಿತ್ರ ಬೇರೆಯಿರುತ್ತದೆ. ನೊರೆ ಮುಚ್ಚಳದಲ್ಲಿ ಮಾತ್ರ ನಿಲ್ಲದೆ ಇಳಿದ ಆಯಿಲ್ ಪೂರ್ತಿ ಹಾಲು ಬೆರೆತ ಕಾಫಿಯಂತೆ ಕಾಣಬೇಕು. ಕೂಲಂಟ್ ಡಬ್ಬಿಯ ಮಟ್ಟ ವಾರ ವಾರಕ್ಕೆ ಇಳಿಯಬೇಕು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರಬೇಕು. ನಿಮ್ಮ ಪತ್ರದಲ್ಲಿ ಇಳಿದ ಆಯಿಲ್‌ನ ಮಿಂಚಿನ ಮಾತಿದೆಯೇ ಹೊರತು ಅದು ಹಾಲಾಗಿತ್ತು ಎಂಬ ಮಾತಿಲ್ಲ. ಹಾಲಾದ ಆಯಿಲ್‌ನಲ್ಲಿ ಅಂಥ ಮಿಂಚು ಕಾಣುವುದೂ ಕಷ್ಟ. ಪರೀಕ್ಷೆ ಸುಲಭವಿದೆ. ಮುಚ್ಚಳವನ್ನು ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿ, ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮೇಲೆ ಈಗಿನ ಮಟ್ಟಕ್ಕೆ ಪೆನ್ನಿನಿಂದ ಗೀಟು ಹಾಕಿ, ರಿಪ್ಪನ್‌ಪೇಟೆ, ಆಯನೂರು ಮಾರ್ಗವಾಗಿ ಶಿವಮೊಗ್ಗಕ್ಕೆ ಒಮ್ಮೆ ಹೋಗಿ ಬನ್ನಿ. ಮರುದಿನ ಬೆಳಿಗ್ಗೆ ಮುಚ್ಚಳ ಒಣಗಿದ್ದು, ಗೀಟು ಹಾಗೆಯೇ ಇದ್ದರೆ ಗ್ಯಾಸ್ಕೆಟ್ಟಿನ ಮಾತನ್ನು ಅಲ್ಲಿಗೆ ಬಿಡಿ.

ಕಡ್ಡಿಯಲ್ಲಿ ಮಟ್ಟ ಏರಿದ್ದಕ್ಕೆ ಮೂರು ಕಾರಣಗಳಿರಬಹುದು: ಮೊದಲೇ ತುಸು ಹೆಚ್ಚು ತುಂಬಿದ್ದು, ತಣ್ಣನೆಯ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಪೆಟ್ರೋಲ್ ಆಯಿಲ್‌ಗೆ ಇಳಿದು ಬೆರೆತದ್ದು, ಇಲ್ಲವೇ ಕಾರು ನಿಂತ ಜಾಗ ಇಳಿಜಾರಾಗಿದ್ದದ್ದು. ನಮ್ಮ ಕಡೆಯ ಮನೆಗಳ ಮುಂದೆ ಸಮತಟ್ಟಾದ ಜಾಗವೆಂದರೆ ಅಡಿಕೆ ಒಣಗಿಸುವ ಅಂಗಳವೊಂದೇ, ಅಲ್ಲಿ ಕಾರು ನಿಲ್ಲಿಸಲು ಯಾರೂ ಬಿಡುವುದಿಲ್ಲ. ಆದ್ದರಿಂದ ಮೂರನೆಯ ಕಾರಣವನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಕಡ್ಡಿಯನ್ನು ಮೂಸಿದಾಗ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಎರಡನೆಯ ಕಾರಣ. ಸಣ್ಣ ಓಡಾಟದ ಗಾಡಿಯಲ್ಲಿ ಅದು ಸ್ವಲ್ಪ ಮಟ್ಟಿಗೆ ಇದ್ದದ್ದೇ. ಆದರೆ ದೂರದ ಓಡಾಟದ ನಂತರವೂ ಮಟ್ಟ ಏರುತ್ತಲೇ ಹೋದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಪರೀಕ್ಷೆ ಮಾಡಿಸಲೇಬೇಕು, ಏಕೆಂದರೆ ಪೆಟ್ರೋಲ್ ಬೆರೆತ ಆಯಿಲ್ ತೆಳ್ಳಗಾಗಿ ಬೇರಿಂಗನ್ನು ಕಾಯುವ ಶಕ್ತಿ ಕಳೆದುಕೊಳ್ಳುತ್ತದೆ.

ನಿಮ್ಮ ಮಾವನವರ ಹಟದ ಬಗ್ಗೆ ನೀವು ಬೇಸರದಿಂದ ಬರೆದಿದ್ದೀರಿ, ಆದರೆ ಅವರ ಮಾತಿಗೆ ಹಿನ್ನೆಲೆಯಿದೆ. ಹಿಂದೆ ಹೊಸ ಅಂಬಾಸಿಡರ್ ಕಾರಿನ, ಜೀಪಿನ ಹಿಂದುಗಡೆ ‘ರನ್ನಿಂಗ್ ಇನ್’ ಎಂದು ಬರೆಸಿಕೊಂಡು ತಿಂಗಳುಗಟ್ಟಲೆ ನಿಧಾನ ಓಡಿಸುತ್ತಿದ್ದ ಕಾಲವೊಂದಿತ್ತು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ನಾನು ಕೆಲಸ ಕಲಿಯುವಾಗ, ಬೋರ್ ಮಾಡಿದ, ಎಂದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆದ, ಲಾರಿ ಎಂಜಿನ್ನಿನ ಆಯಿಲನ್ನು 500 ಕಿ.ಮೀ.ಗೆ ಇಳಿಸದೆ ಗಾಡಿಯನ್ನು ಲೋಡಿಗೆ ಬಿಡುತ್ತಿರಲಿಲ್ಲ. ಆಗಿನ ಬೋರು ಒರಟು, ಆಯಿಲ್ ಸಾಧಾರಣ, ತೊಳೆಯುವ ವ್ಯವಸ್ಥೆ ಎಂದರೆ ಸೀಮೆಎಣ್ಣೆ ಮತ್ತು ಬ್ರಷ್. ಈಗಿನ ಕಾರ್ಖಾನೆಯ ನಯ ಬೇರೆ, ಆಯಿಲ್ ಬೇರೆ. ಕಂಪನಿಗಳು 10,000ದವರೆಗೆ ಕಾಯಬಹುದೆಂದು ಹೇಳುವುದು ಸುಮ್ಮನೆ ಅಲ್ಲ. ಹಾಗೆಂದು ಬೇಗ ಬದಲಿಸುವುದರಿಂದ ಹಾನಿಯೂ ಇಲ್ಲ. ‘ಕಾರ್ಖಾನೆಯ ಆಯಿಲ್ ಇಳಿಸಿದರೆ ರಿಂಗ್ ಕೂರುವುದಿಲ್ಲ’ ಎಂಬ ಮಾತನ್ನು ಎಲ್ಲ ಗಾಡಿಗಳಿಗೂ ಅನ್ವಯಿಸಿ ಹೇಳುವುದು ತಪ್ಪು. ಕೆಲವೇ ಕಂಪನಿಗಳು ಮೊದಲ ಆಯಿಲ್‌ನಲ್ಲಿ ವಿಶೇಷ ಸೇರ್ಪಡೆಗಳನ್ನಿಟ್ಟು, ಬೇಗ ಇಳಿಸಬೇಡಿ ಎಂದು ಕೈಪಿಡಿಯಲ್ಲೇ ಹೇಳಿರುತ್ತವೆ. ನಿಮ್ಮ ಕೈಪಿಡಿಯಲ್ಲಿ ಅಂಥ ಸಾಲಿಲ್ಲದಿದ್ದರೆ ಚಿಂತೆಯಿಲ್ಲ. ನನ್ನ ಸ್ವಂತ ಕಾರಿನ ಆಯಿಲನ್ನು ನಾನು 2,000ಕ್ಕೆ ಬದಲಿಸಿದೆ, ಫಿಲ್ಟರ್ ಸಮೇತ. ಬದಲಿಸದಿದ್ದರೆ ಎಂಜಿನ್ ಹಾಳಾಗುತ್ತಿತ್ತು ಎಂದು ನಾನು ಯಾರ ಮುಂದೆಯೂ ವಾದಿಸುವುದಿಲ್ಲ. ಒಳಗೇನಿದೆ ಎಂದು ನೋಡುವ ಕುತೂಹಲ ಅದರಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು.

ತಪ್ಪಾದದ್ದು ಅನಂತರ. ಇಂದಿನ ಸಣ್ಣ ಪೆಟ್ರೋಲ್ ಎಂಜಿನ್ನುಗಳಿಗೆ ಕಂಪನಿಗಳು 0ಡಬ್ಲ್ಯೂ-20, 5ಡಬ್ಲ್ಯೂ-30ರಂಥ ತೆಳುವಾದ ಆಯಿಲನ್ನೇ ಹೇಳುತ್ತವೆ. ನಿಮ್ಮದಕ್ಕೆ ಯಾವುದೆಂಬುದು ಕೈಪಿಡಿಯಲ್ಲಿದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆ ಸಂದಿಗೆ, ಮೇಲಿನ ಕ್ಯಾಮ್‌ಗಳಿಗೆ ಆಯಿಲ್ ಎಷ್ಟು ಬೇಗ ತಲುಪುತ್ತದೆ ಎಂಬುದರ ಮೇಲೆ ಸವೆತ ನಿಂತಿದೆ. ದಪ್ಪ ಆಯಿಲ್ ತಡವಾಗಿ ತಲುಪುತ್ತದೆ. ಅದಲ್ಲದೆ ವಾಲ್ವ್ ತೆರೆಯುವ ಸಮಯವನ್ನು ಹೊಂದಿಸುವ ಯಂತ್ರ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುವುದರಿಂದ ಅದೂ ಮಂದವಾಗುತ್ತದೆ. ಘಟ್ಟ ಹತ್ತಲು ದಪ್ಪ ಆಯಿಲ್ ಬೇಕೆಂಬುದು ಹಳೆಯ ಡೀಸೆಲ್ ಗಾಡಿಗಳ ಕಾಲದ ನಂಬಿಕೆ. 300 ಕಿ.ಮೀ.ನಲ್ಲಿ ಏನೂ ಅನಾಹುತವಾಗಿರುವುದಿಲ್ಲ, ಗಾಬರಿ ಬೇಡ. ಆದರೆ ನಾಳೆ ಎಂಜಿನ್ನಿಗೆ ಏನೇ ಆದರೂ ಕಂಪನಿಯವರು ಮೊದಲು ಎತ್ತಿಕೊಳ್ಳುವ ಆಯುಧ ಇದೇ. ಆದ್ದರಿಂದ ಇದು ಹೋಗಬೇಕು, ಬೇಗ ಹೋಗಬೇಕು.

ಫಿಲ್ಟರಿನ ಉಪಕಾರ ಬರುವುದು ಇಲ್ಲಿಯೇ. ಮೆಕ್ಯಾನಿಕ್ ಇಳಿಸಿದ ಆಯಿಲ್ ಈಗ ಯಾವುದೋ ಡಬ್ಬಿ ಸೇರಿದೆ, ಚೂರುಗಳಿಗೆ ಸಾಕ್ಷ್ಯದ ಬೆಲೆಯಿಲ್ಲ. ಆದರೆ ಕಾರ್ಖಾನೆಯಿಂದ ಬಂದ ಫಿಲ್ಟರ್ ಇನ್ನೂ ಕಾರಿನಲ್ಲೇ ಇದೆ. ಮೊದಲ ದಿನದಿಂದ ಈವರೆಗೆ ಅದನ್ನು ದಾಟಲಾಗದ ಪ್ರತಿ ಚೂರೂ ಅದರ ಮಡಿಕೆಗಳಲ್ಲಿ ಕುಳಿತಿದೆ. ತಟ್ಟೆಯ ಅನುಮಾನ, ಬೋಲ್ಟಿನ ಅನುಮಾನ ಯಾವುದೂ ಅದಕ್ಕಿಲ್ಲ. ಎಂಜಿನ್ನಿನ ಒಳಗಿನ ಕಥೆ ತಿಳಿಯಲು ನಾನು ಆಯಿಲ್‌ಗಿಂತ ಮೊದಲು ಕೇಳುವುದೇ ಫಿಲ್ಟರನ್ನು.

ಆದ್ದರಿಂದ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡುವುದನ್ನು ಬಿಟ್ಟು ನೇರವಾಗಿ ಹೋಗಿ. ಹೊರಗಡೆ ತಪ್ಪು ದರ್ಜೆಯ ಆಯಿಲ್ ಹಾಕಿಸಿರುವುದನ್ನು ಮುಚ್ಚಿಡಬೇಡಿ. ಸರ್ವಿಸ್ ಕೆಲಸವನ್ನು ನಮೂದಿಸುವ ಜಾಬ್ ಕಾರ್ಡಿನಲ್ಲಿ ‘ಮೊದಲ ಆಯಿಲ್‌ನಲ್ಲಿ ಲೋಹದ ಚೂರು ಕಂಡುಬಂದಿದೆ, ಪರೀಕ್ಷಿಸಬೇಕು’ ಎಂದು ನಿಮ್ಮ ಮಾತುಗಳಲ್ಲೇ ಬರೆಸಿ, ಕಿಲೋಮೀಟರ್ ಸಂಖ್ಯೆಯ ಸಮೇತ ಪ್ರತಿ ಪಡೆಯಿರಿ. ಆಯಿಲನ್ನು ಬಿಸಿಯಿರುವಾಗಲೇ ತೊಳೆದ ತಟ್ಟೆಗೆ ಇಳಿಸಲು ಹೇಳಿ. ಮೊದಲ ಧಾರೆಯನ್ನು ಬಿಟ್ಟು ನಡುವಿನ ಧಾರೆಯಿಂದ ನೂರು ಮಿಲಿಲೀಟರಿನಷ್ಟನ್ನು ಒಣಗಿದ ಸ್ವಚ್ಛ ಬಾಟಲಿಯಲ್ಲಿ ಹಿಡಿದು, ಅದೇ ರೀತಿ ಇನ್ನೊಂದು ಬಾಟಲಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಹಳೆಯ ಫಿಲ್ಟರನ್ನು ನಿಮ್ಮ ಎದುರಿಗೇ ಕತ್ತರಿಸಿಸಿ. ಇದಕ್ಕೆ ತಗಡಿನ ಡಬ್ಬಿ ತೆರೆಯುವಂತೆ ಸುತ್ತಲೂ ಕೊಯ್ಯುವ ಸಾಧನವಿರುತ್ತದೆ. ಅದಿಲ್ಲವೆಂದು ಗರಗಸ ಹಿಡಿದರೆ ತಡೆಯಿರಿ, ಏಕೆಂದರೆ ಗರಗಸದ ಪುಡಿಯೇ ಒಳಗೆ ಬಿದ್ದು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಕಾಗದದ ಮಡಿಕೆಯನ್ನು ಬಿಡಿಸಿ, ಬಿಳಿ ಬಟ್ಟೆಯ ನಡುವೆ ಹಿಂಡಿ, ಬಿಸಿಲಿನಲ್ಲಿ ಹರಡಿ ಫೋಟೊ ತೆಗೆಯಿರಿ, ಆಯಸ್ಕಾಂತ ಆಡಿಸಿ ನೋಡಿ. ಅಲ್ಲೊಂದು ಇಲ್ಲೊಂದು ಸುರುಳಿ ಚೂರು, ಗ್ಯಾಸ್ಕೆಟ್ ಅಂಟಿನ ತುಣುಕು ಸಿಕ್ಕರೆ ಅದು ಹೊಸ ಎಂಜಿನ್ನಿನ ಉಳಿಕೆ. ಮಡಿಕೆ ಮಡಿಕೆಯಲ್ಲೂ ಚಪ್ಪಟೆ ಹೊಳಪಿನ ಹುರುಪೆಗಳಿದ್ದರೆ ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬನ್ನಿ. ಅದನ್ನು ಮತ್ತೆ ಓಡಿಸುವುದು ಬೇಡ.

ಬಾಟಲಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಷ್ಟೆಷ್ಟಿದೆ, ಪೆಟ್ರೋಲ್ ಬೆರೆತಿದೆಯೇ, ಕೂಲಂಟಿನ ಅಂಶವಿದೆಯೇ ಎಂದು ವರದಿ ಬರುತ್ತದೆ. ಅದನ್ನು ಓದುವಾಗ ಎರಡು ಎಚ್ಚರ. ಸಾಮಾನ್ಯ ಪರೀಕ್ಷೆಯ ಯಂತ್ರ 5ರಿಂದ 10 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನು ಸರಿಯಾಗಿ ಎಣಿಸುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಚೂರುಗಳಿದ್ದೂ ವರದಿ ಚೊಕ್ಕಟವಾಗಿ ಬರಬಹುದು. ಇದಕ್ಕೆ ವಿರುದ್ಧವಾಗಿ, ಹೊಸ ಎಂಜಿನ್ನಿನ ವರದಿಯಲ್ಲಿ ಲೋಹವೂ ಅಂಟಿನಿಂದ ಬರುವ ಸಿಲಿಕಾನ್ ಕೂಡ ಹೆಚ್ಚೇ ಇರುತ್ತವೆ, ಅದನ್ನು ಹಳೆಯ ಎಂಜಿನ್ನಿನ ಅಳತೆಗೋಲಿನಿಂದ ನೋಡಿ ಕೆಂಪು ಗುರುತು ಹಾಕುವುದುಂಟು. ಒಂದು ವರದಿಯಿಂದ ತೀರ್ಮಾನಿಸಬಾರದು. ಈಗ ಹಾಕುವ ಸರಿಯಾದ ಆಯಿಲನ್ನು ಮತ್ತೆ 2,500 ಕಿ.ಮೀ. ಓಡಿಸಿ, ಆಗ ಇಳಿಸಿ, ಎರಡನ್ನೂ ಹೋಲಿಸಿ. ಮಿಂಚು ಕಡಿಮೆಯಾಗುತ್ತ ಬಂದರೆ ಎಂಜಿನ್ ಹದಕ್ಕೆ ಬರುತ್ತಿದೆ; ಅಷ್ಟೇ ಇದ್ದರೆ ಅಥವಾ ಹೆಚ್ಚಿದರೆ ಎಲ್ಲೋ ಸವೆತ ಮುಂದುವರಿದಿದೆ.

ಎರಡು ಪ್ರಕರಣಗಳು ನೆನಪಾಗುತ್ತವೆ. ತೀರ್ಥಹಳ್ಳಿ ಕಡೆಯ ಒಬ್ಬರು ನಿಮ್ಮಂತೆಯೇ ಮೊದಲ ಆಯಿಲ್‌ನಲ್ಲಿ ಚೂರು ಕಂಡು ಬಂದಿದ್ದರು. ಫಿಲ್ಟರ್ ಕೊಯ್ದೆವು, ಹುರುಪೆಗಳಿದ್ದವು. ಫೋಟೊ, ಜಾಬ್ ಕಾರ್ಡ್ ಎಲ್ಲ ಇಟ್ಟರು. ಎರಡನೆಯ ಫಿಲ್ಟರಿನಲ್ಲಿ ಇನ್ನೂ ಹೆಚ್ಚಾದಾಗ ಕಂಪನಿಯವರು ಹೆಚ್ಚು ಮಾತಾಡದೆ ಎಂಜಿನ್ನಿನ ಕೆಳಭಾಗವನ್ನೇ ಬದಲಿಸಿಕೊಟ್ಟರು. ಇನ್ನೊಬ್ಬರು ಇದೇ ಭಯಕ್ಕೆ ಹೊರಗಿನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಿದರು. ಒಳಗೆ ದೋಷವೇನೂ ಸಿಗಲಿಲ್ಲ, ಆದರೆ ಮತ್ತೆ ಜೋಡಿಸಿದ ಮೇಲೆ ಆಯಿಲ್ ಸೋರುವುದು ನಿಲ್ಲಲಿಲ್ಲ, ವಾರಂಟಿಯೂ ನಿಜವಾಗಿಯೇ ಹೋಯಿತು. ಆದ್ದರಿಂದ ಸಿಲಿಂಡರಿನ ಒತ್ತಡದ ಪರೀಕ್ಷೆ, ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕ್ಯಾಮೆರಾ ಇಳಿಸಿ ಬೋರ್ ನೋಡುವುದು, ಆಯಿಲ್ ಒತ್ತಡವನ್ನು ಮೀಟರ್ ಹಾಕಿ ಅಳೆಯುವುದು, ಇವೆಲ್ಲ ಮುಗಿದು ಲಿಖಿತ ಕಾರಣ ಸಿಗುವವರೆಗೆ ಎಂಜಿನ್ ತೆರೆಯಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಒಳಗನ್ನು ತೊಳೆಯುತ್ತೇವೆಂದು ಫ್ಲಶ್ ದ್ರವವನ್ನೋ ಸವೆತ ತಡೆಯುವ ಔಷಧವನ್ನೋ ಹಾಕಲು ಬಂದರೆ ಅದೂ ಬೇಡ. ಸಾಕ್ಷ್ಯ ಕೊಚ್ಚಿಹೋಗುವುದಷ್ಟೇ ಅದರ ಲಾಭ. ಎಂಜಿನ್ ಬ್ಲಾಕ್ ಬದಲಾಗುವ ಸಂದರ್ಭ ಬಂದರೆ ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿ, ವಿಮೆಯವರಿಗೂ ತಿಳಿಸಬೇಕು. ಎಷ್ಟೋ ಜನ ಇದನ್ನು ಮರೆತು ಮಾರುವ ಹೊತ್ತಿಗೆ ಪರದಾಡುತ್ತಾರೆ.

ವಾರಂಟಿ ‘ಹೋಯಿತು’ ಎಂದು ಫೋನಿನಲ್ಲಿ ಹೇಳಿದ್ದನ್ನು ಅಂತಿಮವೆಂದು ತಿಳಿಯಬೇಡಿ. ವಾರಂಟಿಯ ಷರತ್ತು ಪುಸ್ತಕದಲ್ಲಿದೆ, ಅದನ್ನು ಓದಿ. ಹೊರಗಿನ ಆಯಿಲ್‌ನಿಂದಲೇ ದೋಷ ಹುಟ್ಟಿತೆಂದು ಅವರು ಹೇಳಿದರೆ ಅದನ್ನು ತೋರಿಸಿ ಎಂದು ಕೇಳಿ, ಏಕೆಂದರೆ ನೀವು ಚೂರು ಕಂಡದ್ದು ದಪ್ಪ ಆಯಿಲ್ ಹಾಕುವ ಮೊದಲು. ನಿರಾಕರಿಸುವುದಾದರೆ ಕಾರಣವನ್ನು ಇಮೇಲಿನಲ್ಲಿ ಕೊಡಲು ಕೇಳಿ. ಕಂಪನಿಯ ಜಾಲತಾಣದಲ್ಲಿ ನಿಮ್ಮ ಚಾಸಿಸ್ ಸಂಖ್ಯೆ ಹಾಕಿ, ದೋಷಕ್ಕಾಗಿ ಹಿಂದಕ್ಕೆ ಕರೆಸಿದ ಕಾರುಗಳ ಪಟ್ಟಿಯಲ್ಲಿದೆಯೇ ಎಂದೂ ನೋಡಿ. ಇದ್ಯಾವುದರಿಂದಲೂ ಆಗದೆ ದೋಷ ನಿಜವಾಗಿ ಉಳಿದರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಯಿದೆ, ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ, ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಕೊಡಬಹುದು. ಪರೀಕ್ಷೆಯಿಲ್ಲದೆ ತಿಳಿಯಲಾಗದ ದೋಷವಾದರೆ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರವೂ ಆಯೋಗಕ್ಕಿದೆ. ನಿಮ್ಮ ಬಳಿಯ ಎರಡನೆಯ ಬಾಟಲಿ ಮತ್ತು ಕೊಯ್ದ ಫಿಲ್ಟರ್ ಬೇಕಾಗುವುದು ಆಗ. ಸದ್ಯಕ್ಕೆ ಅಲ್ಲಿಯವರೆಗೆ ಹೋಗುವ ಅಗತ್ಯ ನನಗೆ ಕಾಣುತ್ತಿಲ್ಲ.

ಮಾರುವ ಯೋಚನೆಯನ್ನು ಬಿಡಿ. ಎಂಜಿನ್ ಚೆನ್ನಾಗಿದ್ದರೆ ನಷ್ಟ ನಿಮಗೆ, ಕೆಟ್ಟಿದ್ದರೆ ಅದನ್ನು ಬಾಯಿಬಿಡದೆ ಇನ್ನೊಬ್ಬರ ತಲೆಗೆ ಕಟ್ಟಿದಂತೆ.

ಕುಂದಾಪುರಕ್ಕೆ ಹೋಗಬಹುದು, ಫಿಲ್ಟರ್ ಕೊಯ್ದು ನೋಡಿ, ಸರಿಯಾದ ಆಯಿಲ್ ಹಾಕಿಸಿಕೊಂಡ ಮೇಲೆ. ಹುಲಿಕಲ್ ಇಳಿಯುವಾಗ ನ್ಯೂಟ್ರಲ್‌ಗೆ ಹಾಕದೆ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಸಿ. ಮರಳಿ ಹತ್ತುವಾಗ ಎಂಜಿನ್ ತಿಣುಕುವ ಮೊದಲೇ ಗೇರ್ ಇಳಿಸಿ. ಹೊಸ ಎಂಜಿನ್ನಿಗೆ ಒಂದಿಷ್ಟು ಹೆಚ್ಚು ಸುತ್ತುವುದಕ್ಕಿಂತ ದೊಡ್ಡ ಗೇರಿನಲ್ಲಿ ಏದುಸಿರು ಬಿಡುವುದು ಕೆಟ್ಟದ್ದು. ದಾರಿಯಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದರೆ, ಅಥವಾ ಒಳಗಿನಿಂದ ಲಯಬದ್ಧವಾಗಿ ಟಕಟಕ ಬಡಿತ ಕೇಳಿದರೆ ‘ಮುಂದಿನ ಊರಿನವರೆಗೆ’ ಎನ್ನದೆ ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ತಂಗಿಯ ಮನೆಯಲ್ಲಿ ಉಳಿದ ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಕರಾವಳಿಯ ಆ ಸಮತಟ್ಟು ನೆಲದ ಮೇಲೆಯೇ ಕಡ್ಡಿ ಎತ್ತಿ ಆಯಿಲಿನ ಮಟ್ಟ, ಕೂಲಂಟಿನ ಗೀಟು, ಮುಚ್ಚಳದ ಸ್ಥಿತಿ ಮೂರನ್ನೂ ಕಿಲೋಮೀಟರ್ ಸಂಖ್ಯೆಯೊಂದಿಗೆ ಬರೆದಿಟ್ಟುಕೊಂಡು, 2,500 ಕಿ.ಮೀ. ನಂತರ ಕೊಯ್ದ ಎರಡನೆಯ ಫಿಲ್ಟರಿನ ಫೋಟೊದೊಂದಿಗೆ ನನಗೆ ಕಳುಹಿಸಿ.